ಎಡಗಾಲಿಗೆ ಅರ್ಧ ಇಂಚು

ರಾತ್ರಿ ಪಾಳಿ ಮುಗಿದು, ಉಗುರಿನ ಸಂದಿಗೆ
ಪ್ಲಾಸ್ಟರಿನ ಪುಡಿ ಇನ್ನೂ ಅಂಟಿರುವಾಗಲೇ
ಮೆದೇಹಳ್ಳಿ ರಸ್ತೆಯ ಶೋರೂಮಿಗೆ ಬಂದೆ.
"ಟೆಸ್ಟ್ ರೈಡ್ ಯಾರಿಗೆ ಮೇಡಂ, ಮಗನಿಗಾ?"
ಓಬಳೇಶನ ಪ್ರಶ್ನೆಗೆ ಚೀಲದಿಂದ ಹೆಲ್ಮೆಟ್ಟು ತೆಗೆದು
ಅವನ ಮೇಜಿನ ಮೇಲಿಟ್ಟೆ.

ನಿಂತಿತ್ತು, ನನ್ನ ಎದೆಯೆತ್ತರ.
ಮುಂದೊಂದು ಕೊಕ್ಕು, ಏನನ್ನೂ ಕುಕ್ಕದ ಕೊಕ್ಕು.
ಹುರುಳಿ ಬಣ್ಣ ಅಂದೆ.
ಅವನು ಪುಸ್ತಕ ತೆರೆದು ಯಾವುದೋ
ಮರುಭೂಮಿಯ ಹೆಸರು ಓದಿದ.
ಇರಲಿ. ಹುರುಳಿಯೇ.

ಸೀಟು ಎಂಟುನೂರ ಮೂವತ್ತು ಮಿಲಿಮೀಟರ್.
ನಾನು ಐದಡಿ ಒಂದಿಂಚು.
ಹತ್ತಿ ಕೂತರೆ ನೆಲ ಸಿಕ್ಕಿದ್ದು ಹೆಬ್ಬೆರಳ ತುದಿಗೆ,
ಅದೂ ಒಂದು ಸಲಕ್ಕೆ ಒಂದೇ ಕಾಲಿಗೆ.
ಗುಂಡಿ ಒತ್ತಿದೆ. ಗುಡುಗಲಿಲ್ಲ;
ಮೊರದಲ್ಲಿ ಯಾರೋ ಕಡಲೆ ಕೇರಿದ ಹಾಗೆ.
"ಅರ್ಧ ಗಂಟೆ ಮೇಡಂ. ಹೈವೇ ಬ್ಯಾಡ."

ನಮ್ಮ ವಾರ್ಡಿನಲ್ಲಿ ಹದಿನಾಲ್ಕು ಮಂಚ,
ಒಂಬತ್ತು ಬೈಕಿನ ಲೆಕ್ಕಕ್ಕೆ.
ತೊಡೆ, ಮುಂಗೈ, ಕೊರಳೆಲುಬು.
ಹನ್ನೊಂದನೇ ಮಂಚದ ಹುಡುಗ ನಿನ್ನೆ ನಡುರಾತ್ರಿ
ಕಾಲಿಗೆ ತೂಕ ಜೋತಿರುವುದನ್ನೂ ಮರೆತು ಕೇಳಿದ:
"ಸಿಸ್ಟರ್, ಗಾಡಿಗೇನೂ ಜಾಸ್ತಿ ಆಗಿಲ್ವಂತೆ, ಅಲ್ವಾ?"
ನಾನು ಬೈಯಲಿಲ್ಲ.
ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

ಊರ ಹಂಪುಗಳು ಬಂದವು, ಹೋದವು,
ಸೊಂಟಕ್ಕೆ ಸುದ್ದಿಯೇ ಮುಟ್ಟಲಿಲ್ಲ.
ಆದರೆ ಕನ್ನಡಿ ಮೂರನೇ ಗೇರಿನಲ್ಲಿ ನಡುಗಿ
ಹಿಂದಿನ ಒಂದು ಲಾರಿ ಎರಡಾಗುತ್ತದೆ.
ಬಲ ಮೊಣಕಾಲ ಕೆಳಗೆ ಒಲೆ ಹತ್ತಿರ ಕೂತ ಬಿಸಿ.
ಹಾರನ್ನೋ,
ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ಬೀಗರ ಕೆಮ್ಮು.

ಜೋಗಿಮಟ್ಟಿ ಕಡೆ ತಿರುಗಿದೆ.
ಡಾಂಬರು ಮುಗಿದು ಗರಸು, ಗರಸು ಮುಗಿದು
ಟ್ರ್ಯಾಕ್ಟರಿನ ಎರಡು ಗೆರೆ.
ಕಾಲುಮೆಟ್ಟಿನ ಮೇಲೆ ಎದ್ದು ನಿಂತೆ,
ಆಗ ಅರ್ಥವಾಯಿತು ಆ ಎತ್ತರ.
ನಲವತ್ತಾರು ವರ್ಷ ಜನರ ಭುಜದ ಸಂದಿಯಿಂದ ಊರು ನೋಡಿದವಳು
ಜಾಲಿ ಬೇಲಿಯಾಚೆ ಶೇಂಗಾ ಹೊಲದ
ಕೊನೆಯ ಸಾಲು ಕಂಡೆ.
ಬಂಡೆ ಮೇಲೆ ಬಂಡೆ, ಅದರಾಚೆ ಗಾಳಿ ಫ್ಯಾನುಗಳು
ಒಂದು ನಿಂತಿತ್ತು, ಉಳಿದವು ಯಾವ ಅವಸರಕ್ಕೂ ಬೀಳದೆ ತಿರುಗುತ್ತಿದ್ದವು.
ಏನೋ ಕೂಗಿದೆ. ಹೆಲ್ಮೆಟ್ಟಿನೊಳಗೇ ಉಳಿಯಿತು.

ವಾಪಸು ತಿರುಗಿಸಲು ನಿಲ್ಲಿಸಿ ಎಡಗಾಲು ಇಳಿಬಿಟ್ಟೆ.
ಅಲ್ಲಿ ನೆಲವಿರಲಿಲ್ಲ.
ಅರ್ಧ ಇಂಚು ಕೆಳಗಿತ್ತು.
ಅಷ್ಟಕ್ಕೇ ಇನ್ನೂರು ಕೆಜಿ
ಮಡುವಿಗಿಳಿದ ಎಮ್ಮೆಯಂತೆ
ನಿಧಾನಕ್ಕೆ ಮಗ್ಗುಲಾಯಿತು. ಪಕ್ಕದಲ್ಲಿ ನಾನು.

ಬಂಡೆ ಮೇಲಿಂದ ಕುರಿ ಹುಡುಗ:
"ಯಾರನ್ನಾರ ಕರೀಲೇನಕ್ಕಾ?"
"ಬ್ಯಾಡ. ನೋಡ್ತಿರು."

ಬೆನ್ನು ಮಾಡಿ, ಸೀಟಿನ ಅಂಚಿಗೆ ಕುಂಡಿ ಆನಿಸಿ,
ಒಂದು ಕೈ ಹಿಡಿಕೆಗೆ, ಒಂದು ಹಿಂದಿನ ಕಂಬಿಗೆ,
ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ, ಹಿಂದಕ್ಕೆ.
ಎತ್ತೋದು ತೋಳಲ್ಲ, ತೊಡೆ:
ಇಪ್ಪತ್ತೆರಡು ವರ್ಷದಿಂದ ಹೊಸ ಹುಡುಗಿಯರಿಗೆ
ಇದನ್ನೇ ಹೇಳುತ್ತಿದ್ದೇನೆ,
ತೊಂಬತ್ತು ಕೆಜಿ ಮೇಷ್ಟ್ರುಗಳನ್ನು
ಮಂಚದಲ್ಲಿ ಮೇಲೆ ಸರಿಸುವಾಗ.
ಎದ್ದಿತು.
ಅದೂ ಮುಲುಗಲಿಲ್ಲ, ನಾನೂ.
ಹುಡುಗ ಶಿಳ್ಳೆ ಹಾಕಿದ, ಕುರಿಗೋ ನನಗೋ.

ಕೈಗಾವಲಿನ ಮೇಲೆ ಬಿದ್ದ ಗೀರು ನಾನೇ ತೋರಿಸಿದೆ.
ಓಬಳೇಶ ಉಗುರಾಡಿಸಿ,
"ಇದು ಇರೋದೇ ಬೀಳಾಕೆ ಮೇಡಂ" ಅಂದ.
"ಹೆಂಗನ್ನಿಸ್ತು? ಸೀಟು ಬೇಕಾದ್ರೆ ಇಳಿಸಿ ಕೊಡ್ತೀವಿ."
"ಸೀಟು ಮುಟ್ಟಬ್ಯಾಡ.
ಆ ಕನ್ನಡಿ ನೋಡು."

ಆಸ್ಪತ್ರೆ ಗೇಟಿನ ದುರುಗಪ್ಪನೆದುರು ಬೂಟು ಇಟ್ಟೆ.
ಮೂಳೆ ಕೂಡಿ, ಒಂದು ಕಾಲು ಗಿಡ್ಡಾದವರ ಚಪ್ಪಲಿಗೆ
ಅಟ್ಟೆ ಏರಿಸುವವನು ಅವನೇ.
"ಎಡಗಾಲಿಗೆ ಅರ್ಧ ಇಂಚು."
"ಎಷ್ಟನೇ ಮಂಚದೋರಿಗೆ ಸಿಸ್ಟ್ರೇ?"
ನಿದ್ದೆ ಈಗ ರೆಪ್ಪೆ ಎಳೆಯುತ್ತಿತ್ತು,
ತೊಡೆಯಲ್ಲಿ ಸಣ್ಣ ನಡುಕ ಇನ್ನೂ ಓಡುತ್ತಿತ್ತು.
"ಸಂಜೆಗೆ ಬೇಕು" ಅಂದೆ.